ಎಣಿಸಿಟ್ಟ ಗಂಟೆಗಳು: ಅಮೆರಿಕದ ಸೊರೊರಿಟಿಗಳಲ್ಲಿ ಕಡ್ಡಾಯ ಓದು

ಅಮೆರಿಕದ ಕಾಲೇಜುಗಳಲ್ಲಿ ಸೊರೊರಿಟಿ ಎಂದರೆ ವಿದ್ಯಾರ್ಥಿನಿಯರ ಸೋದರಿ ಸಂಘ. ಹೊಸದಾಗಿ ಸೇರಿದವರು ವಾರಕ್ಕೆ ಇಂತಿಷ್ಟು ಗಂಟೆ ಕೂತು ಓದಲೇಬೇಕೆಂಬ ನಿಯಮ ಇವುಗಳ ಹಲವು ಶಾಖೆಗಳಲ್ಲಿದೆ. ಜಿಪಿಎ, ಅಂದರೆ ಅಂಕಗಳ ಸರಾಸರಿ, ಕುಸಿದವರಿಗೆ ಗಂಟೆಗಳು ಇನ್ನೂ ಹೆಚ್ಚು. ಗ್ರಂಥಾಲಯದ ಮೇಜಿನ ಮೇಲೊಂದು ಹಾಳೆ: ಹೆಸರು, ಬಂದ ಹೊತ್ತು, ಎದ್ದ ಹೊತ್ತು, ಪಕ್ಕದಲ್ಲಿ ಹಿರಿಯ ಸದಸ್ಯೆಯ ಚಿಕ್ಕ ರುಜು. ಸಂಜೆಯ ಸ್ಟಡಿ ಅವರ್ ಗಂಟೆ ಕೇಳುತ್ತ ನಮ್ಮ ಹಾಸ್ಟೆಲುಗಳಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ. ಆದರೆ ಅಲ್ಲಿ ಕಾವಲಿಗೆ ಕೂರುವುದು ವಾರ್ಡನ್ ಅಲ್ಲ, ಒಂದೆರಡು ವರ್ಷ ಮುಂದಿರುವ ಸಹಪಾಠಿ.

ಓದಿಗೂ ಈ ಸಂಘಗಳಿಗೂ ಇರುವ ನಂಟು ಹಳೆಯದು. ಇಂಡಿಯಾನಾದ ಗ್ರೀನ್‌ಕ್ಯಾಸಲ್‌ನಲ್ಲಿ, ಈಗ ಡಿಪಾ ವಿಶ್ವವಿದ್ಯಾಲಯ ಎನಿಸಿಕೊಂಡಿರುವ ಕಾಲೇಜಿಗೆ ಹೆಣ್ಣುಮಕ್ಕಳು ಕಾಲಿಟ್ಟದ್ದು 1867ರಲ್ಲಿ. ಅಲ್ಲಿನ ಬೆಟ್ಟಿ ಲಾಕ್‌ಗೆ ಹುಡುಗರ ಸಂಘವೊಂದು ತನ್ನ ಬಿಲ್ಲೆ ಧರಿಸಲು ಕೊಟ್ಟಿತು, ಸದಸ್ಯತ್ವ ಕೊಡಲಿಲ್ಲ. ಆಕೆ ಅದನ್ನು ಒಲ್ಲೆನೆಂದು 1870ರಲ್ಲಿ ಗೆಳತಿಯರೊಡನೆ ಕಪ್ಪಾ ಆಲ್ಫಾ ಥೀಟಾ ಎಂಬ ಸಂಘ ಕಟ್ಟಿದಳು. ಇಂಥ ಸಂಘಕ್ಕೆ ‘ಸೊರೊರಿಟಿ’ ಎಂಬ ಹೆಸರು ಬಂದದ್ದು ಆಮೇಲೆ, 1882ರಲ್ಲಿ. ಸೋದರಿಗಿರುವ ಲ್ಯಾಟಿನ್ ಮಾತಿನಿಂದ ಬಂದ ಅದನ್ನು ಸೂಚಿಸಿದವರು ಸಿರಾಕ್ಯೂಸ್ ವಿಶ್ವವಿದ್ಯಾಲಯದ ಲ್ಯಾಟಿನ್ ಪ್ರಾಧ್ಯಾಪಕ ಫ್ರಾಂಕ್ ಸ್ಮಾಲಿ. ಹೆಣ್ಣಿಗೆ ಉನ್ನತ ವಿದ್ಯೆ ದಕ್ಕೀತೇ ಎಂದು ಊರೇ ಅನುಮಾನಿಸುತ್ತಿದ್ದ ಕಾಲದಲ್ಲಿ, ಒಟ್ಟಿಗೆ ಕೂತು ಓದುವುದು ಅವರ ಮಾನದ ಪ್ರಶ್ನೆಯಾಗಿತ್ತು.

ಕಡ್ಡಾಯ ಗಂಟೆಗಳಿಂದ ಓದು ಮೇಲೇಳುತ್ತದೆಯೇ? ಸಂಘಗಳು ಸಾಮಾನ್ಯವಾಗಿ ಮುಂದಿಡುವುದು ಒಂದೇ ಸಾಕ್ಷ್ಯ: ನಮ್ಮವರ ಸರಾಸರಿ ಕ್ಯಾಂಪಸ್ಸಿನ ಇತರ ವಿದ್ಯಾರ್ಥಿನಿಯರಿಗಿಂತ ಮೇಲಿದೆ. ನನ್ನ ದೃಷ್ಟಿಯಲ್ಲಿ ಈ ಹೋಲಿಕೆ ನಿಲ್ಲುವುದಿಲ್ಲ. ಒಳಗೆ ಬರಲು ಕನಿಷ್ಠ ಜಿಪಿಎ ಬೇಕು. ಅದಕ್ಕಿಂತ ಕೆಳಗಿಳಿದವರ ಸದಸ್ಯತ್ವಕ್ಕೇ ಕುತ್ತು. ಜರಡಿಯಲ್ಲಿ ಉಳಿದ ಕಾಳು ದಪ್ಪಗಿದೆಯೆಂದು ಹೊಲಕ್ಕೆ ಹಾಕಿದ ಗೊಬ್ಬರವನ್ನು ಹೊಗಳಲಾಗದು. ಓಹಿಯೋದ ಮಯಾಮಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಈವನ್ ಮತ್ತು ಆಸ್ಟಿನ್ ಸ್ಮಿತ್ ಆ ಪ್ರವೇಶದ ಗೆರೆಯನ್ನೇ ಬಳಸಿ, ಅದರ ಆಚೀಚೆ ನಿಂತವರನ್ನು ಹೋಲಿಸಿದರು. ಹುಡುಗರ, ಹುಡುಗಿಯರ ಸಂಘಗಳೆರಡನ್ನೂ ಒಳಗೊಂಡ ಈ ಅಧ್ಯಯನದಲ್ಲಿ ಸದಸ್ಯತ್ವವು ಅಂಕಗಳನ್ನು 0.1ರಿಂದ 0.3 ಪ್ರಮಾಣ ವಿಚಲನೆಯಷ್ಟು ಇಳಿಸಿತ್ತು.

ಹಾಗೆಂದು ಗಂಟೆಗಳಿಗೆ ಬೆಲೆಯಿಲ್ಲ ಎನ್ನಲೂ ಆಗದು. ಕೆಂಟಕಿಯ ಬೆರಿಯಾ ಕಾಲೇಜಿನ ವಿದ್ಯಾರ್ಥಿಗಳ ಮೇಲೆ ಸ್ಟೈನ್‌ಬ್ರಿಕ್ನರ್ ಎಂಬ ಹೆಸರಿನ ಇಬ್ಬರು ಸಂಶೋಧಕರು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಜಾಣ್ಮೆಯದು. ಕೋಣೆಯ ಜೊತೆಗಾರ ವಿಡಿಯೋ ಗೇಮ್ ತಂದಿದ್ದನೇ ಇಲ್ಲವೇ ಎಂಬುದನ್ನೇ ಅವರು ಅಳತೆಗೋಲಾಗಿ ಹಿಡಿದರು. ಗೇಮ್ ಬಂದ ಕೋಣೆಯಲ್ಲಿ ಓದು ಇಳಿಯಿತು, ಅಂಕಗಳೂ ಇಳಿದವು. ಅವರ ಲೆಕ್ಕದಲ್ಲಿ ದಿನಕ್ಕೆ ಒಂದು ಗಂಟೆ ಹೆಚ್ಚು ಓದಿದರೆ ಮೊದಲ ಸೆಮಿಸ್ಟರಿನ ಜಿಪಿಎ ಸುಮಾರು 0.36ರಷ್ಟು ಏರುತ್ತದೆ. ಇದು ಸಣ್ಣ ಏರಿಕೆಯಲ್ಲ. ಇನ್ನೊಂದೆಡೆ, ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದಿಂದ 2005ರಲ್ಲಿ ಬಂದ ಅಧ್ಯಯನವು ಬರೀ ಗಂಟೆಗಳಿಂದ ಅಂಕಗಳನ್ನು ಊಹಿಸಲಾಗದು, ಗದ್ದಲವಿಲ್ಲದೆಡೆ ಒಬ್ಬರೇ ಕೂತು ಓದುವುದು ಮುಖ್ಯ ಎಂದಿತು.

ಗ್ರಂಥಾಲಯದ ಮೇಜಿನ ಆ ಹಾಳೆ ಅಳೆಯುವುದು ಕೂತ ಹೊತ್ತನ್ನು. ತನ್ನ ಕೋಣೆಯಲ್ಲಿ ಓದುತ್ತಿದ್ದ ಎರಡು ಗಂಟೆಯನ್ನೇ ಹುಡುಗಿ ಗ್ರಂಥಾಲಯಕ್ಕೆ ತಂದು ಬರೆಸಿದರೆ ಕೂಡಿದ್ದೇನೂ ಇಲ್ಲ. ಗೆಳತಿಯರು ಸುತ್ತುವರಿದು ಮಾತಿಗೆಳೆದರೆ ಕಳೆದದ್ದೇ ಉಂಟು. ಊರು ಬಿಟ್ಟು ಬಂದ ಹದಿನೆಂಟರ ಹುಡುಗಿಗೆ ಪುಸ್ತಕ ತೆರೆಯಲು ಒಂದು ಜಾಗ, ಒಬ್ಬ ಜೊತೆಗಾತಿ ಸಿಕ್ಕರೆ ಅದು ದೊಡ್ಡ ಆಸರೆ ಎಂದು ನಾನು ಮನಸಾರೆ ನಂಬುತ್ತೇನೆ. ಅದೇ ಹುಡುಗಿಗೆ ನಿಯಮವು ಕುಸಿದವಳೆಂಬ ಹಣೆಪಟ್ಟಿಯಾದರೆ ಆಸರೆಯೇ ಶಿಕ್ಷೆಯಾಗುತ್ತದೆ.

ಕಡ್ಡಾಯ ಗಂಟೆಗಳಿಂದ ಅಂಕ ಏರುತ್ತದೆಯೇ ಎಂದು ಪರೀಕ್ಷಿಸುವುದು ಕಷ್ಟವಲ್ಲ. ಹೆಚ್ಚುವರಿ ಗಂಟೆ ಬೀಳುವ ಗೆರೆ 2.7 ಎಂದಿಟ್ಟುಕೊಳ್ಳೋಣ. 2.69 ಪಡೆದವಳಿಗೂ 2.71 ಪಡೆದವಳಿಗೂ ಓದಿನಲ್ಲಿ ಹೆಚ್ಚೇನೂ ಅಂತರವಿಲ್ಲ, ಆದರೆ ಹೆಚ್ಚುವರಿ ಗಂಟೆಗಳಿಗಾಗಿ ಒಬ್ಬಳು ಮಾತ್ರ ಹಾಳೆಗೆ ಹೆಸರು ಬರೆಯಬೇಕು. ಒಂದೇ ಶಾಖೆಯಲ್ಲಿ ಇಂಥವರು ಬೆರಳೆಣಿಕೆಯಷ್ಟು ಸಿಕ್ಕಾರು. ಹಲವು ಶಾಖೆಗಳ, ಹಲವು ವರ್ಷಗಳ ಹಾಳೆಗಳನ್ನು ಒಟ್ಟುಗೂಡಿಸಿ, ಗೆರೆಯ ಆಚೀಚೆ ನಿಂತವರ ಮುಂದಿನ ಸೆಮಿಸ್ಟರಿನ ಅಂಕಗಳ ಪಕ್ಕದಲ್ಲಿಟ್ಟು ನೋಡಬೇಕು.