ಕೆನರಾದಿಂದ ಕ್ಯಾಂಡಿಗೆ: ಸಂತ ಜೋಸೆಫ್ ವಾಜರ ಜೀವನ ಮತ್ತು ಸೇವೆ



ವೈದ್ಯರಾದ ನಮಗೆ ಸಂತರ ಚರಿತ್ರೆಯಲ್ಲಿ ಏನು ಕೆಲಸವೆಂದು ತಾವು ಕೇಳಬಹುದು. ಇಂದು ನಾವು ಸ್ಮರಿಸಲಿರುವ ಸಂತ ಜೋಸೆಫ್ ವಾಜರ ಬಾಳಿನ ನಿರ್ಣಾಯಕ ಘಟ್ಟವು ನಡೆದದ್ದು ರೋಗಿಗಳ ನಡುವೆ. ಮೇಲಾಗಿ, ಅವರು ಗೋವೆಯ ಹೊರಗೆ ಮೊದಲು ದುಡಿದದ್ದು ನಮ್ಮ ಕನ್ನಡ ಕರಾವಳಿಯಲ್ಲಿ. ಮಂಗಳೂರು, ಉಡುಪಿಗಳ ಕಡೆಯ ಕ್ರೈಸ್ತ ಬಂಧುಗಳಿಗೆ ಅವರ ಹೆಸರು ಚಿರಪರಿಚಿತ. ಉಳಿದ ಕನ್ನಡಿಗರಲ್ಲಿ ಅನೇಕರು ಅದನ್ನು ಕೇಳಿರಲಿಕ್ಕಿಲ್ಲ. ಈ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವುದು ಈ ಉಪನ್ಯಾಸದ ಉದ್ದೇಶ.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಳಿಯಲ್ಲಿ, ಕೊಂಕಣಿ ಮನೆಮಾತಿನ ಕುಟುಂಬದಲ್ಲಿ ಜನಿಸಿದರು. 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳು ಅವರನ್ನು ಕೆನರಾಕ್ಕೆ ಕಳುಹಿಸಿದರು. ಆಗ ಈ ಕರಾವಳಿಯು ಕೆಳದಿ ಅರಸರ ವಶದಲ್ಲಿದ್ದು, ವೀರರಾಣಿ ಚೆನ್ನಮ್ಮಾಜಿಯು ಆಳುತ್ತಿದ್ದಳು. ಕ್ರೈಸ್ತರಲ್ಲಿಯೇ ಅಧಿಕಾರದ ವಿವಾದವೊಂದು ತಲೆದೋರಿತ್ತು. ಪೋರ್ಚುಗಲ್ಲಿನ ದೊರೆಯ ಹಕ್ಕಿಗೆ ಒಳಪಟ್ಟ ಗೋವೆಯ ಧರ್ಮಪೀಠವು ಒಂದು ಕಡೆ. ರೋಮಿನಿಂದ ನೇರವಾಗಿ ನೇಮಕಗೊಂಡ ಬಿಷಪ್ ತೋಮಸ್ ದೆ ಕಾಸ್ತ್ರೋ ಮತ್ತೊಂದು ಕಡೆ. ಈ ಹಗ್ಗಜಗ್ಗಾಟದ ನಡುವೆ ವಾಜರು 1684ರವರೆಗೆ ಊರೂರು ತಿರುಗಿ ಜನರನ್ನು ಸಂತೈಸಿದರು.

ಮಂಗಳೂರಿನ ಸಮೀಪದ ಮುಡಿಪು ಎಂಬಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ರೋಗಿಯೊಬ್ಬನು ಸಾಯುತ್ತಿದ್ದಾನೆಂದು ಸುಳ್ಳು ಹೇಳಿ, ಕೊಲ್ಲುವ ಉದ್ದೇಶದಿಂದ ಕೆಲವರು ಅವರನ್ನು ಆ ಗುಡ್ಡಕ್ಕೆ ಕರೆದೊಯ್ದರೆಂದೂ, ಅಲ್ಲಿ ಅವರು ದಂಡವನ್ನು ಊರಿದೆಡೆ ನೀರು ಚಿಮ್ಮಿತೆಂದೂ ಐತಿಹ್ಯ. ಪವಾಡದ ಮಾತನ್ನು ಭಕ್ತರಿಗೆ ಬಿಡೋಣ. ಕಥೆಯ ಆರಂಭವೇ ಗಮನಾರ್ಹ: ರೋಗಿಯಿದ್ದಾನೆಂದರೆ ಈ ಮನುಷ್ಯನು ಬಂದೇ ಬರುವನೆಂಬ ನಂಬಿಕೆ ಆ ಕಥೆಯ ಶತ್ರುಗಳಿಗೂ ಇತ್ತು!

ಗೋವೆಗೆ ಮರಳಿದ ವಾಜರು 1685ರಲ್ಲಿ ಸ್ಥಳೀಯ ಗುರುಗಳ ಒಂದು ಸಂಘವನ್ನು ಸೇರಿ, ಅದರ ಹಿರಿಯರಾಗಿ ಅದಕ್ಕೆ 'ಒರೆಟರಿ' ಎಂಬ ಸಂಸ್ಥೆಯ ರೂಪ ಕೊಟ್ಟರು. ಆದರೆ ಅವರ ಮನಸ್ಸು ಸಿಂಹಳದ್ವೀಪದ ಕಡೆಗಿತ್ತು. 1658ರಲ್ಲಿ ಪೋರ್ಚುಗೀಸರನ್ನು ಅಲ್ಲಿಂದ ಹೊರದೂಡಿದ ಡಚ್ಚರು ಕ್ಯಾಥೊಲಿಕ್ ಮತವನ್ನು ನಿಷೇಧಿಸಿದ್ದರು. ಗುರುಗಳಿಲ್ಲದೆ ಅಲ್ಲಿನ ಕ್ಯಾಥೊಲಿಕರು ಅನಾಥರಾಗಿದ್ದರು. 1687ರಲ್ಲಿ ವಾಜರು ಕೂಲಿಯವನ ವೇಷದಲ್ಲಿ, ಜಾನ್ ಎಂಬ ಸೇವಕನೊಡನೆ ದ್ವೀಪವನ್ನು ಸೇರಿದರು. ಕಾಲಿಟ್ಟೊಡನೆ ಆಮಶಂಕೆ ಅವರನ್ನು ಹಾಸಿಗೆ ಹಿಡಿಸಿತು. ಚೇತರಿಸಿಕೊಂಡ ಬಳಿಕ, ಕೊರಳಿಗೆ ಜಪಮಾಲೆ ಧರಿಸಿ ಜಾಫ್ನಾದ ಬೀದಿಗಳಲ್ಲಿ ಭಿಕ್ಷೆಗೆ ಹೊರಟರು. ಅದನ್ನು ಕಂಡು ಯಾರ ಮುಖ ಅರಳುವುದೋ ಅವರೇ ಗುಪ್ತ ಕ್ಯಾಥೊಲಿಕರು. ತಮಿಳನ್ನು ಕಲಿತರು. ರಾತ್ರಿಯ ವೇಳೆ ಗುಟ್ಟಾಗಿ ಬಲಿಪೂಜೆ ನಡೆಸಿದರು.

1692ರಲ್ಲಿ ಅವರು ಡಚ್ಚರ ಅಧೀನವಲ್ಲದ ಕ್ಯಾಂಡಿ ರಾಜ್ಯವನ್ನು ಪ್ರವೇಶಿಸಿದಾಗ, ಪೋರ್ಚುಗೀಸರ ಗೂಢಚಾರನೆಂಬ ಶಂಕೆಯಿಂದ ಬಂಧಿತರಾದರು. ಪರದೇಶಿಯರ ದಾಳಿಗಳಿಂದ ನೊಂದಿದ್ದ ರಾಜ್ಯದಲ್ಲಿ ಅಂಥ ಶಂಕೆ ಸಹಜವೇ ಆಗಿತ್ತು. ವಾಜರು ಸೆರೆಯಲ್ಲಿ ಸಿಂಹಳ ಭಾಷೆಯನ್ನು ಕಲಿತರು. 1693ರ ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಸುರಿಯಿತೆಂದು ಭಕ್ತರು ಹೇಳುತ್ತಾರೆ. ಬೌದ್ಧ ಮತೀಯನಾದ ಅರಸ ಎರಡನೆಯ ವಿಮಲಧರ್ಮಸೂರ್ಯನ ಮನಸ್ಸು ಕ್ರಮೇಣ ಮೆದುವಾಯಿತು.

ಇನ್ನು ನಾವು ಮುಖ್ಯವೆಂದು ಭಾವಿಸುವ ಸಂಗತಿಗೆ ಬರೋಣ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅರಸನೂ ಶ್ರೀಮಂತರೂ ನಗರವನ್ನು ತೊರೆದರು. ರೋಗಿಗಳನ್ನು ಮನೆಯವರೇ ಕಾಡಿನ ಅಂಚಿಗೆ ಅಟ್ಟಿದರು. ವಾಜರೂ, ಅದೇ ವರ್ಷ ಬಂದ ಜೋಸೆಫ್ ಕಾರ್ವಾಲೊ ಎಂಬ ಗುರುವೂ ಅಲ್ಲಿಯೇ ಉಳಿದರು. ಗುಡಿಸಲುಗಳನ್ನು ಶುಚಿಗೊಳಿಸಿದರು, ವ್ರಣಗಳನ್ನು ತೊಳೆದರು, ಉಣಿಸಿದರು, ಸತ್ತವರನ್ನು ಹೂಳಿದರು. ರೋಗಿಯ ಮತ ಯಾವುದೆಂದು ನೋಡಲಿಲ್ಲ.

ನಮ್ಮ ಅಜ್ಜಿಯರು ಸಿಡುಬಿನ ಹೆಸರನ್ನೆತ್ತಲು ಅಂಜಿ 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದುದು ಬಲ್ಲವರಿಗೆ ಗೊತ್ತು. ಆ ಭಯವು ನಿರಾಧಾರವಾದುದಲ್ಲ. ರೋಗ ತಗುಲಿದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಎಡ್ವರ್ಡ್ ಜೆನ್ನರ್ ಈ ದೇಶದಲ್ಲಿ ದೇವಿ ಹಾಕುವ ಪ್ರಯೋಗ ನಡೆಸಿದ್ದು 1796ರಲ್ಲಿ, ಅಂದರೆ ಕ್ಯಾಂಡಿಯ ಪಿಡುಗಿಗೆ ಸುಮಾರು ನೂರು ವರ್ಷಗಳ ಅನಂತರ. ಹಾಗಿರುವಾಗ ವಾಜರು ಮಾಡಿದ್ದರಿಂದ ಏನು ಪ್ರಯೋಜನವಾಯಿತು? ಸಿಡುಬಿನಲ್ಲಿ ಬಾಯಿ, ಗಂಟಲುಗಳಲ್ಲೂ ಹುಣ್ಣುಗಳೇಳುತ್ತವೆ. ನೀರು ನುಂಗುವುದೂ ಯಾತನೆ. ತಲೆಯೆತ್ತಿ ಹಿಡಿದು ಗುಟುಕು ಗುಟುಕಾಗಿ ನೀರು ಕುಡಿಸುವವರಿಲ್ಲದಿದ್ದರೆ ಬದುಕಬಹುದಾದವನೂ ಸಾಯುತ್ತಾನೆ. ಔಷಧವಿಲ್ಲದ ಕಾಲದಲ್ಲಿ ಶುಶ್ರೂಷೆಯೇ ಔಷಧವಾಗಿತ್ತು.

ಪಿಡುಗು ಇಳಿದ ಮೇಲೆ ಅರಸನು ಅವರ ಸೇವೆಯನ್ನು ಮೆಚ್ಚಿಕೊಂಡನು. ಅವರ ಕಾರ್ಯಕ್ಕೆ ಅವನ ಆಶ್ರಯ ದೃಢವಾಯಿತು. 1705ರಲ್ಲಿ ಗೋವೆಯಿಂದ ಬಂದ ಜಾಕೊಮೆ ಗೊನ್ಸಾಲ್ವೆಸರು ಸಿಂಹಳ, ತಮಿಳುಗಳಲ್ಲಿ ಕ್ರೈಸ್ತ ಸಾಹಿತ್ಯವನ್ನೇ ಬೆಳೆಸಿದರು. 1711ರ ಜನವರಿ 16ರಂದು ವಾಜರು ಕ್ಯಾಂಡಿಯಲ್ಲಿಯೇ ದೇಹವಿಟ್ಟರು. 1995ರ ಜನವರಿ 21ರಂದು ಎರಡನೆಯ ಜಾನ್ ಪಾಲ್ ಪೋಪರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಫ್ರಾನ್ಸಿಸ್ ಪೋಪರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ನಾವು ವಾಸಿಸುವ ಲಂಡನ್ನಿನಲ್ಲಿಯೂ ಇಂಥ ಬಾಳೊಂದರ ಗುರುತು ಇದೆ. ಕ್ಯಾಥೊಲಿಕ್ ಗುರುವಾಗಿರುವುದೇ ಅಪರಾಧವಾಗಿದ್ದ ಕಾಲದಲ್ಲಿ, 1636ರ ಪ್ಲೇಗಿನಲ್ಲಿ, ಜಾನ್ ಸೌತ್‌ವರ್ತ್ ಮತ್ತು ಹೆನ್ರಿ ಮೋರ್ಸ್ ಎಂಬ ಗುರುಗಳು ರೋಗಿಗಳ ಮನೆಬಾಗಿಲಿಗೆ ನೆರವು ಒಯ್ದರು. ಸೌತ್‌ವರ್ತರನ್ನು 1654ರಲ್ಲಿ ಇಂದಿನ ಮಾರ್ಬಲ್ ಆರ್ಚ್‌ನ ಸಮೀಪದ ಟೈಬರ್ನ್‌ನಲ್ಲಿ ಗಲ್ಲಿಗೇರಿಸಲಾಯಿತು. ಅವರ ದೇಹವನ್ನು ವಿಕ್ಟೋರಿಯಾ ನಿಲ್ದಾಣದ ಹತ್ತಿರದ ವೆಸ್ಟ್‌ಮಿನ್‌ಸ್ಟರ್ ಕ್ಯಾಥೀಡ್ರಲ್‌ನಲ್ಲಿ ಇಂದಿಗೂ ಕಾಣಬಹುದು. ಕ್ಯಾಂಡಿಯ ಬೌದ್ಧ ಅರಸನು ತೋರಿದ ಔದಾರ್ಯವನ್ನು ಅಂದಿನ ಲಂಡನ್ ತೋರಲಿಲ್ಲವೆಂಬುದನ್ನು ನಮ್ಮ ಮಕ್ಕಳಿಗೆ ಹೇಳುವುದು ಅಪ್ರಸ್ತುತವಾಗಲಾರದು.

1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ಅಳಿಯಿತೆಂದು ಸಾರಿತು. ಆದರೆ 2020ರಲ್ಲಿ ಹೊಸ ಪಿಡುಗೊಂದು ಬಂದಾಗ, ಹೆಂಡತಿ ಮಕ್ಕಳಿಗೂ ಪ್ರವೇಶವಿಲ್ಲದ ವಾರ್ಡುಗಳಲ್ಲಿ ರೋಗಿಯ ಕೈ ಹಿಡಿದು ಕುಳಿತವರು ಹೆಚ್ಚಾಗಿ ನರ್ಸ್‌ಗಳು. ಮಗನು ಶಸ್ತ್ರಚಿಕಿತ್ಸಕನಾಗುವನೆಂದರೆ ಸಿಹಿ ಹಂಚುವ ನಮ್ಮ ಸಮಾಜವು, ಮಗಳು ನರ್ಸ್ ಆಗುವಳೆಂದರೆ ಏಕೆ ಒಂದು ಕ್ಷಣ ಸುಮ್ಮನಾಗುತ್ತದೆ? ವಾಜರು ರೋಗವನ್ನು ಗುಣಪಡಿಸಲಿಲ್ಲ; ರೋಗಿಯನ್ನು ಬಿಟ್ಟು ಹೋಗಲಿಲ್ಲ. ಅವರನ್ನು ಯಾವ ಮತದವರು ಪೂಜಿಸಲಿ, ಬಿಡಲಿ, ಅವರಿಂದ ನಾವೆಲ್ಲರೂ ಕಲಿಯಬೇಕಾದುದು ಇದು.