ಪೈಥಾನ್: ಬಿಡುಗಡೆಯ ವೇಳಾಪಟ್ಟಿ ಮತ್ತು ಸ್ವಯಂಸೇವಕರು

ಪೈಥಾನ್ ಮುಕ್ತ ತಂತ್ರಾಂಶವಾಗಿ ಬೆಳೆದಿರುವ ಪ್ರೋಗ್ರಾಮಿಂಗ್ ಭಾಷೆ. 2020ರಿಂದ ಇದರ ಹೊಸ ಆವೃತ್ತಿ ಪ್ರತಿವರ್ಷ ಅಕ್ಟೋಬರ್ ತಿಂಗಳಲ್ಲಿ ಹೊರಬರುತ್ತಿದೆ. ಇದರ ಕೋಡ್ ಬರೆಯುವ, ಪರೀಕ್ಷಿಸುವ, ಕೈಪಿಡಿ ತಿದ್ದುವ ಜನರಲ್ಲಿ ಬಹುಪಾಲು ಮಂದಿ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರು. ಅವರ ಬಿಡುವಿಗೆ ಗಡುವು ಹಾಕಲಾಗದು, ಬಿಡುಗಡೆಗೆ ಹಾಕಬಹುದು. ಪೈಥಾನ್‌ನ ಈಗಿನ ವೇಳಾಪಟ್ಟಿ ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ಹಿನ್ನೆಲೆ

ನೆದರ್ಲೆಂಡ್ಸ್‌ನ ಗೀಡೊ ವಾನ್ ರಾಸಮ್ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧನಾ ಕೇಂದ್ರದಲ್ಲಿದ್ದಾಗ, 1989ರ ಕ್ರಿಸ್‌ಮಸ್ ಸಮಯದಲ್ಲಿ ಈ ಭಾಷೆಯ ಕೆಲಸಕ್ಕೆ ತೊಡಗಿದರು. 1991ರ ಫೆಬ್ರವರಿಯಲ್ಲಿ 0.9.0 ಆವೃತ್ತಿ ಸಾರ್ವಜನಿಕರಿಗೆ ಸಿಕ್ಕಿತು. 1994ರಲ್ಲಿ 1.0, 2000ದ ಅಕ್ಟೋಬರ್‌ನಲ್ಲಿ 2.0, 2008ರ ಡಿಸೆಂಬರ್‌ನಲ್ಲಿ 3.0 ಬಂದವು. ಭಾಷೆಯ ಹಕ್ಕು ಮತ್ತು ಹಣಕಾಸನ್ನು ನೋಡಿಕೊಳ್ಳುವ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ 2001ರಲ್ಲಿ ಸ್ಥಾಪನೆಯಾಯಿತು.

ಮೊದಲಿನ ಆವೃತ್ತಿಗಳಿಗೆ ಗೊತ್ತಾದ ತಿಂಗಳಿರಲಿಲ್ಲ. ಎರಡು ಬಿಡುಗಡೆಗಳ ನಡುವೆ ಸುಮಾರು ಒಂದೂವರೆ ವರ್ಷದ ಅಂತರವಿರುತ್ತಿತ್ತು. 3.4 ಬಂದದ್ದು 2014ರ ಮಾರ್ಚ್‌ನಲ್ಲಿ, 3.5 ಬಂದದ್ದು 2015ರ ಸೆಪ್ಟೆಂಬರ್‌ನಲ್ಲಿ, 3.6 ಬಂದದ್ದು 2016ರ ಡಿಸೆಂಬರ್‌ನಲ್ಲಿ, 3.7 ಬಂದದ್ದು 2018ರ ಜೂನ್‌ನಲ್ಲಿ. ಒಂದು ಆವೃತ್ತಿಯಲ್ಲಿ ಜಾಗ ತಪ್ಪಿದ ಸೌಲಭ್ಯ ಮತ್ತೆ ಒಂದೂವರೆ ವರ್ಷ ಕಾಯಬೇಕಾಗಿದ್ದರಿಂದ, ಗಡುವಿನ ಹಿಂದಿನ ದಿನಗಳಲ್ಲಿ ಅರೆಬೆಂದ ಕೋಡನ್ನು ಒಳಗೆ ಸೇರಿಸುವ ಆತುರ ಹೆಚ್ಚುತ್ತಿತ್ತು.

ಎರಡು ಪದ್ಧತಿಗಳು

ಮುಕ್ತ ತಂತ್ರಾಂಶ ಲೋಕದಲ್ಲಿ ಬಿಡುಗಡೆಯ ಪದ್ಧತಿಗಳು ಮುಖ್ಯವಾಗಿ ಎರಡು. ಒಂದರಲ್ಲಿ ಉದ್ದೇಶಿಸಿದ ಸೌಲಭ್ಯಗಳೆಲ್ಲ ಸಿದ್ಧವಾದ ಮೇಲೆಯೇ ಬಿಡುಗಡೆ. ಇದರ ಹೆಸರಾಂತ ಉದಾಹರಣೆ ಪರ್ಲ್ 6. 2000ದಲ್ಲಿ ಘೋಷಣೆಯಾದ ಈ ಭಾಷೆಯ ಮೊದಲ ಅಧಿಕೃತ ಬಿಡುಗಡೆ 2015ರ ಕ್ರಿಸ್‌ಮಸ್‌ಗೆ ಬಂತು. 2019ರಲ್ಲಿ ಅದಕ್ಕೆ ರಾಕು ಎಂದು ಹೆಸರು ಬದಲಾಯಿತು. ಇನ್ನೊಂದರಲ್ಲಿ ದಿನಾಂಕ ಮೊದಲು ನಿಗದಿಯಾಗುತ್ತದೆ, ಅಷ್ಟರೊಳಗೆ ಸಿದ್ಧವಾದದ್ದು ಮಾತ್ರ ಸೇರುತ್ತದೆ. ರೂಬಿಯ ಹೊಸ ಆವೃತ್ತಿ 2013ರಿಂದ ಪ್ರತಿ ಡಿಸೆಂಬರ್ 25ರಂದು, ಗೋ ಆರು ತಿಂಗಳಿಗೊಮ್ಮೆ, ರಸ್ಟ್ ಆರು ವಾರಕ್ಕೊಮ್ಮೆ ಬರುತ್ತವೆ. ಹಾಸನ ಜಿಲ್ಲೆಯ ಕೊಣನೂರಿಗೆ ಹತ್ತಿರದ ರಾಮನಾಥಪುರದ ಷಷ್ಠಿ ತೇರಿನಂತೆ ಇಲ್ಲಿಯೂ ದಿನ ಬಂದರೆ ಹೊರಡಲೇಬೇಕು.

ಪೈಥಾನ್ ಎರಡನೆಯ ಪದ್ಧತಿಗೆ ಹೊರಳಿದ್ದು ಪೆಪ್ 602 ಎಂಬ ಪ್ರಸ್ತಾವದ ಮೂಲಕ. ಆಗ ಬಿಡುಗಡೆ ವ್ಯವಸ್ಥಾಪಕರಾಗಿದ್ದ ವೂಕಾಶ್ ಲಾಂಗಾ ಬರೆದ ಈ ಪ್ರಸ್ತಾವ 2019ರಲ್ಲಿ ಅಂಗೀಕಾರವಾಯಿತು. ಅದರಂತೆ ಬಂದ ಮೊದಲ ಆವೃತ್ತಿ 3.9, ದಿನಾಂಕ 2020ರ ಅಕ್ಟೋಬರ್ 5.

ವರ್ಷದ ಚಕ್ರ

ಒಂದು ಆವೃತ್ತಿ ತಯಾರಾಗಲು ಹಿಡಿಯುವ ಕಾಲ ಸುಮಾರು 17 ತಿಂಗಳು. ಹಳೆಯದರ ಕೊನೆಯ ಹಂತ ನಡೆಯುತ್ತಿರುವಾಗಲೇ ಹೊಸದರ ಕೆಲಸ ಶುರುವಾಗಿರುತ್ತದೆ. ಮೊದಲ ಐದು ತಿಂಗಳು ಸದ್ದಿಲ್ಲದ ಅಭಿವೃದ್ಧಿ, ಆಮೇಲೆ ಏಳು ತಿಂಗಳು ಆಲ್ಫಾ ಬಿಡುಗಡೆಗಳು. ಮೇ ತಿಂಗಳಲ್ಲಿ ಮೊದಲ ಬೀಟಾ ಬಂದೊಡನೆ ಬಾಗಿಲು ಮುಚ್ಚುತ್ತದೆ; ಅಲ್ಲಿಂದ ಮುಂದೆ ಹೊಸ ಸೌಲಭ್ಯಕ್ಕೆ ಪ್ರವೇಶವಿಲ್ಲ, ದೋಷ ತಿದ್ದುವುದಷ್ಟೇ. ಜುಲೈ ಕೊನೆ ಅಥವಾ ಆಗಸ್ಟ್ ಮೊದಲಿಗೆ ಬಿಡುಗಡೆ ಅಭ್ಯರ್ಥಿ ಆವೃತ್ತಿಗಳು ಬರುತ್ತವೆ. ಅಂತಿಮ ಬಿಡುಗಡೆ ಅಕ್ಟೋಬರ್‌ನಲ್ಲಿ.

ದಿನಾಂಕ ಕಲ್ಲಿನಲ್ಲಿ ಕೊರೆದದ್ದೇನಲ್ಲ. ತಿದ್ದದೆ ಬಿಡಲಾಗದ ದೋಷಗಳಿದ್ದುದರಿಂದ 3.11 ಮೂರು ವಾರ ತಡವಾಗಿ, 2022ರ ಅಕ್ಟೋಬರ್ 24ರಂದು ಬಂತು. 3.13ರಲ್ಲಿ ಹಂತಹಂತವಾಗಿ ಮೆಮೊರಿ ತೆರವುಗೊಳಿಸುವ ಹೊಸ ವ್ಯವಸ್ಥೆಯೊಂದು ಸೇರಿತ್ತು. ಅದರಿಂದ ಕೆಲವು ಕೆಲಸಗಳು ನಿಧಾನವಾಗುತ್ತಿವೆ ಎಂದು ಕಡೆಗಳಿಗೆಯಲ್ಲಿ ತಿಳಿದಾಗ, ಬಿಡುಗಡೆಯನ್ನು 2024ರ ಅಕ್ಟೋಬರ್ 1ರಿಂದ 7ಕ್ಕೆ ಸರಿಸಿ ಆ ವ್ಯವಸ್ಥೆಯನ್ನೇ ಹೊರತೆಗೆಯಲಾಯಿತು. ಮರುವರ್ಷದ 3.14ರಲ್ಲಿ ಅದು ಮತ್ತೆ ಸೇರಿತು. ವಾರ್ಷಿಕ ಪದ್ಧತಿಯ ಲಾಭ ಇಲ್ಲಿ ಕಾಣುತ್ತದೆ: ಆತುರಪಡುವುದಕ್ಕಿಂತ ಒಂದು ವರ್ಷ ಕಾಯುವುದು ಅಗ್ಗ.

ಸ್ವಯಂಸೇವಕರ ಕೆಲಸ

ಕೊಡುಗೆ ಎಂದರೆ ಕೋಡ್ ಬರೆಯುವುದು ಮಾತ್ರವಲ್ಲ. ದೋಷವನ್ನು ವಿವರವಾಗಿ ವರದಿ ಮಾಡುವುದು, ಬಂದ ವರದಿ ನಿಜವೇ ಎಂದು ತಮ್ಮ ಯಂತ್ರದಲ್ಲಿ ಮಾಡಿ ನೋಡುವುದು, ಕೈಪಿಡಿಯ ತಪ್ಪು ತಿದ್ದುವುದು, ಬೇರೆಯವರ ಕೋಡನ್ನು ಪರಿಶೀಲಿಸುವುದು ಎಲ್ಲವೂ ಇದರಲ್ಲಿ ಸೇರಿವೆ. 2017ರ ಫೆಬ್ರವರಿಯಿಂದ ಕೋಡ್ ಮತ್ತು ಕೈಪಿಡಿಯ ಕೆಲಸ ಗಿಟ್‌ಹಬ್‌ನಲ್ಲಿ ನಡೆಯುತ್ತಿದೆ. ಹೊಸಬರು ಕಳಿಸಿದ ತಿದ್ದುಪಡಿಯನ್ನು ಮೂಲ ಅಭಿವೃದ್ಧಿಗಾರರಲ್ಲಿ ಒಬ್ಬರು ಒಪ್ಪಿ ಸೇರಿಸಬೇಕು. ಕಳಿಸುವವರು ಹೆಚ್ಚು, ಪರಿಶೀಲಿಸುವವರು ಕಡಿಮೆ. ಹಾಗಾಗಿ ತಿದ್ದುಪಡಿಗಳು ತಿಂಗಳುಗಟ್ಟಲೆ ಕಾಯುವುದುಂಟು.

ಬೀಟಾ ಹಂತದ ಭಾರ ಬೀಳುವುದು ಇತರ ಲೈಬ್ರರಿಗಳನ್ನು ನಡೆಸುವವರ ಮೇಲೆ. ಅವರು ಮೇ ಮತ್ತು ಅಕ್ಟೋಬರ್ ನಡುವೆ ತಮ್ಮ ಲೈಬ್ರರಿ ಹೊಸ ಆವೃತ್ತಿಯಲ್ಲಿ ಓಡುತ್ತದೆಯೇ ಎಂದು ನೋಡಿಕೊಳ್ಳಬೇಕು. ಇವರಲ್ಲಿಯೂ ಅನೇಕರು ಸ್ವಯಂಸೇವಕರೇ. ತಾರೀಕು ಮೊದಲೇ ಗೊತ್ತಿದ್ದರೆ ಅವರು ಬಿಡುವು ಹೊಂದಿಸಿಕೊಳ್ಳಬಹುದು.

ಆಡಳಿತ

2018ರ ಜುಲೈನಲ್ಲಿ ವಾನ್ ರಾಸಮ್ ಅಂತಿಮ ತೀರ್ಮಾನದ ಹೊಣೆಯಿಂದ ಹಿಂದೆ ಸರಿದರು. 2019ರಿಂದ ಐವರು ಸದಸ್ಯರ ಚುನಾಯಿತ ಮಂಡಳಿ ಆ ಹೊಣೆ ಹೊತ್ತಿದೆ. ಒಂದೇ ಸಂಸ್ಥೆಯ ನೌಕರರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಪ್ರತಿ ಹೊಸ ಆವೃತ್ತಿ ಬಂದ ಮೇಲೆ ಮಂಡಳಿಗೆ ಚುನಾವಣೆ ನಡೆಯುವುದರಿಂದ ಬಿಡುಗಡೆಯ ಕ್ಯಾಲೆಂಡರೇ ಆಡಳಿತದ ಕ್ಯಾಲೆಂಡರೂ ಆಗಿದೆ.

ಎಲ್ಲವೂ ಬಿಟ್ಟಿ ದುಡಿಮೆಯಿಂದ ಸಾಗದು ಎಂಬುದನ್ನೂ ಸಮುದಾಯ ಒಪ್ಪಿಕೊಂಡಿದೆ. ಪರಿಶೀಲನೆಯ ಬಾಕಿ ಕರಗಿಸಲು ಫೌಂಡೇಶನ್ 2021ರಲ್ಲಿ ಲಾಂಗಾ ಅವರನ್ನು ಸಂಬಳದ ಪೂರ್ಣಕಾಲಿಕ ಅಭಿವೃದ್ಧಿಗಾರರಾಗಿ ನೇಮಿಸಿತು.

ಕರ್ನಾಟಕದಲ್ಲಿ

ಭಾರತದ ಪೈಥಾನ್ ಬಳಕೆದಾರರ ಮೊದಲ ರಾಷ್ಟ್ರೀಯ ಸಮ್ಮೇಳನ ಪೈಕಾನ್ ಇಂಡಿಯಾ 2009ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಬೆಂಗಳೂರಿನ ಬ್ಯಾಂಗ್‌ಪೈಪರ್ಸ್ ಬಳಗ ದೇಶದ ಹಳೆಯ ಪೈಥಾನ್ ಬಳಗಗಳಲ್ಲಿ ಒಂದು. ಸಮ್ಮೇಳನದ ಜೊತೆಗೆ ಹೊಸಬರನ್ನು ಕೂರಿಸಿಕೊಂಡು ಮುಕ್ತ ತಂತ್ರಾಂಶಗಳಿಗೆ ತಿದ್ದುಪಡಿ ಮಾಡಿಸುವ ಸ್ಪ್ರಿಂಟ್‌ಗಳೂ ನಡೆಯುತ್ತವೆ.

ಸಮ್ಮೇಳನ ಸಾಮಾನ್ಯವಾಗಿ ಸೆಪ್ಟೆಂಬರ್ ಆಸುಪಾಸಿನಲ್ಲಿ ಬರುವುದರಿಂದ ಅಷ್ಟರಲ್ಲಿ ಆ ವರ್ಷದ ಬಾಗಿಲು ಮುಚ್ಚಿರುತ್ತದೆ. ಅಲ್ಲಿ ಹೊಳೆದ ಹೊಸ ಸೌಲಭ್ಯ ಬಳಕೆದಾರರ ಕೈ ಸೇರುವುದು ಮರುವರ್ಷದ ಅಕ್ಟೋಬರ್‌ಗೆ. ದೋಷದ ತಿದ್ದುಪಡಿಯಾದರೆ ಕೆಲವೇ ವಾರಗಳಲ್ಲಿ ಹೊರಬರಬಹುದು. ಕೊಣನೂರು, ಅರಕಲಗೂಡು, ಹೊಳೆನರಸೀಪುರದಂಥ ಊರುಗಳಿಂದ ಬಂದು ಹಾಸನದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪೈಥಾನ್ ಕಲಿಯುವ ವಿದ್ಯಾರ್ಥಿಗೆ ಕೈಪಿಡಿಯ ತಿದ್ದುಪಡಿಯೇ ಸುಲಭದ ಮೊದಲ ಮೆಟ್ಟಿಲು. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ.

ಕನ್ನಡ ಅಕ್ಷರಗಳು

ಪೈಥಾನ್ 3ರಲ್ಲಿ ಚರಗಳಿಗೂ ಫಂಕ್ಷನ್‌ಗಳಿಗೂ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಯಾವ ಚಿಹ್ನೆ ಅಕ್ಷರ, ಯಾವುದು ಅಲ್ಲ ಎಂಬುದನ್ನು ಭಾಷೆ ಯೂನಿಕೋಡ್ ದತ್ತಾಂಶದಿಂದ ತಿಳಿಯುತ್ತದೆ. ಈಚಿನ ವರ್ಷಗಳಲ್ಲಿ ಯೂನಿಕೋಡ್‌ನ ಹೊಸ ಆವೃತ್ತಿ ಬರುತ್ತಿರುವುದು ಸೆಪ್ಟೆಂಬರ್‌ನಲ್ಲಿ, ಪೈಥಾನ್‌ನ ಬಾಗಿಲು ಮುಚ್ಚುವುದು ಮೇ ತಿಂಗಳಲ್ಲಿ. ಇದರಿಂದ ಕನ್ನಡಕ್ಕೆ ಸೇರಿದ ಹೊಸ ಚಿಹ್ನೆಗಳು ಪೈಥಾನ್‌ಗೆ ಒಂದು ವರ್ಷ ತಡವಾಗಿ ತಲುಪಿವೆ. ಹಳೆಯ ಬರಹಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಸುತ್ತಿದ್ದ 'ನಕಾರ ಪೊಲ್ಲು' 2021ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 14ಕ್ಕೆ ಸೇರಿತು. ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.10ಕ್ಕೆ ಅದರ ಪರಿಚಯವಿರಲಿಲ್ಲ. ಅದನ್ನು ಅಕ್ಷರವೆಂದು ಗುರುತಿಸಿದ್ದು 2022ರ 3.11. ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯಲು ಬೇಕಾದ ಅನುಸ್ವಾರದ ಚಿಹ್ನೆಯೊಂದು 2022ರಲ್ಲಿ ಯೂನಿಕೋಡ್ 15ರಲ್ಲಿ ಬಂತು, 2023ರ ಪೈಥಾನ್ 3.12ರಲ್ಲಿ ಕಾಣಿಸಿಕೊಂಡಿತು.

ಬೆಂಬಲದ ಅವಧಿ

ಪ್ರತಿ ಆವೃತ್ತಿಗೆ ಐದು ವರ್ಷ ಬೆಂಬಲವಿದೆ. 3.13ರಿಂದ ಮೊದಲ ಎರಡು ವರ್ಷ ಎಲ್ಲ ಬಗೆಯ ದೋಷಗಳ ತಿದ್ದುಪಡಿ ಸಿಗುತ್ತದೆ. 3.9ರಿಂದ 3.12ರವರೆಗಿನವುಗಳಿಗೆ ಈ ಅವಧಿ ಒಂದೂವರೆ ವರ್ಷವಿತ್ತು. ಉಳಿದ ಕಾಲ ಭದ್ರತಾ ತಿದ್ದುಪಡಿ ಮಾತ್ರ. ಹಳೆಯದನ್ನು ಕೈಬಿಡುವುದು ಸುಲಭವಲ್ಲ ಎಂಬುದಕ್ಕೆ 2.7 ಸಾಕ್ಷಿ: 2010ರಲ್ಲಿ ಬಂದ ಇದರ ಬೆಂಬಲ 2015ಕ್ಕೆ ಮುಗಿಯಬೇಕಿತ್ತು, ಬಳಕೆದಾರರು ಹೊಸದಕ್ಕೆ ಬದಲಾಗದ ಕಾರಣ 2020ರವರೆಗೆ ಎಳೆಯಬೇಕಾಯಿತು.

ವಿಂಡೋಸ್ 7 ಇರುವ ಹಳೆಯ ಲ್ಯಾಬ್‌ಗಳಲ್ಲಿ ಅಧಿಕೃತವಾಗಿ ಓಡುವ ಕೊನೆಯ ಆವೃತ್ತಿ 3.8, ಅದರ ಬೆಂಬಲ 2024ರ ಅಕ್ಟೋಬರ್‌ಗೆ ಮುಗಿಯಿತು. 3.9ರದ್ದು 2025ರ ಅಕ್ಟೋಬರ್‌ನಲ್ಲಿ ಕೊನೆಗೊಂಡಿತು. 3.10ರ ಅವಧಿ 2026ರ ಅಕ್ಟೋಬರ್‌ವರೆಗೆ ಇದೆ.