ಒಂದೇ ಹೆಸರಿನ ಪ್ರಭುಗಳು

ಜರ್ಮನಿ ದೇಶದ ನಡುಭಾಗದಲ್ಲಿ ಗ್ರೈಟ್ಸ್ ಮತ್ತು ಗೇರಾ ಎಂಬ ಎರಡು ಪಟ್ಟಣಗಳುಂಟು. 1918ರಲ್ಲಿ ಅರಸೊತ್ತಿಗೆಗಳು ಕೊನೆಗಾಣುವವರೆಗೆ ಆ ಸೀಮೆಯನ್ನು ರಾಯ್ಸ್ ಎಂಬ ಮನೆತನದ ಹಿರಿಯ ಮತ್ತು ಕಿರಿಯ ಶಾಖೆಗಳವರು ಆಳುತ್ತಿದ್ದರು. ಈ ವಂಶದ ಸಂಪ್ರದಾಯವೊಂದು ಲೋಕದಲ್ಲಿ ಅಪೂರ್ವವಾದುದು. ಮನೆಯಲ್ಲಿ ಜನಿಸಿದ ಗಂಡುಮಕ್ಕಳಿಗೆಲ್ಲ ಹೈನ್ರಿಖ್ ಎಂಬುದೊಂದೇ ನಾಮಕರಣ. ಹೀಗಾದರೆ ಅಣ್ಣನಾರು, ತಮ್ಮನಾರು ಎಂದು ತಿಳಿಯುವ ಬಗೆ ಹೇಗೆ? ಅದಕ್ಕೆ ಅವರು ಸಂಖ್ಯೆಯನ್ನು ಆಶ್ರಯಿಸಿದರು. ಹಿರಿಯ ಶಾಖೆಯವರು ನೂರರವರೆಗೆ ಎಣಿಸಿ ಮತ್ತೆ ಒಂದರಿಂದ ತೊಡಗುತ್ತಿದ್ದರು. ಕಿರಿಯ ಶಾಖೆಯವರು ಹೊಸ ಶತಮಾನ ಹುಟ್ಟಿದೊಡನೆ ಹೊಸ ಎಣಿಕೆಯನ್ನು ಆರಂಭಿಸುವರು. ಕೇಳಿದರೆ ನಗು ಬರುವ ಪದ್ಧತಿಯೇನೋ ಹೌದು. ಆದರೆ ಅದರ ಫಲವಾಗಿ ಒಬ್ಬ ಹೈನ್ರಿಖನ ಕೀರ್ತಿ ಮತ್ತೊಬ್ಬನಿಗೆ ಸಲ್ಲುವಂತಿಲ್ಲ, ಒಬ್ಬನ ಸೋಲು ಇನ್ನೊಬ್ಬನ ನೆರಳಿನಲ್ಲಿ ಅಡಗುವಂತಿಲ್ಲ.

ದೂರದ ಈ ಸಂಗತಿಯನ್ನು ಇಲ್ಲಿ ಎತ್ತಿದುದಕ್ಕೆ ಕಾರಣವಿದೆ. ಹೆಸರು ಒಂದೇ ಆಗಿ, ಸಂಖ್ಯೆಯನ್ನು ಮಾತ್ರ ನಾವು ಮರೆತ ಪ್ರಭುವಂಶವೊಂದು ನಮ್ಮ ಮನೆಬಾಗಿಲಲ್ಲೇ ಇದೆ. ವಿಜಯನಗರ, ರಾಜಾಜಿನಗರದ ಬಡಾವಣೆಗಳಲ್ಲಿ ವಾಸಿಸುವ ನಾವು ನಿತ್ಯವೂ ದಾಟುವ ಮಾಗಡಿ ರಸ್ತೆ ಆ ವಂಶದ ಎರಡು ರಾಜಧಾನಿಗಳನ್ನು ಕೂಡಿಸುವ ದಾರಿ. ಯಲಹಂಕ ನಾಡಪ್ರಭುಗಳೆಂಬ ಈ ಮನೆತನದಲ್ಲಿ ಕೆಂಪೇಗೌಡರೆಂಬ ಹೆಸರಿನವರು ಒಬ್ಬರಲ್ಲ, ಹಲವರು. ಲೋಕದ ಮಾತಿನಲ್ಲಿಯಾದರೋ ಎಲ್ಲರೂ ಸೇರಿ ಒಬ್ಬರೇ ಆಗಿದ್ದಾರೆ. ನಾನೂ ಉಪಾಧ್ಯಾಯನಾಗಿದ್ದಾಗ ಕೋಟೆ, ಕೆರೆ, ಗೋಪುರ, ಮಾಗಡಿ ಎಲ್ಲವನ್ನೂ ‘ಕೆಂಪೇಗೌಡರು ಕಟ್ಟಿಸಿದರು’ ಎಂಬ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ. ಒಂದು ದಿನ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಯಾವ ಕೆಂಪೇಗೌಡರು, ಸಾರ್?” ಎಂದು ಕೇಳಿದ. ಕುಳಿತುಕೋ ಎಂದು ಗದರಿಸಿದೆ. ಪ್ರಶ್ನೆ ಕುಳಿತುಕೊಳ್ಳಲಿಲ್ಲ.

ವಂಶಾವಳಿಯ ಕ್ರಮ ಹೀಗಿದೆ. ಕಂಚಿಯ ಕಡೆಯಿಂದ ಬಂದು ನಂದಿಬೆಟ್ಟದ ಬಳಿಯ ಆವತಿಯಲ್ಲಿ ನೆಲೆಸಿದ ರಣಭೈರೇಗೌಡರು ಮೂಲಪುರುಷರೆಂದು ಐತಿಹ್ಯ. ಆ ಕುಲದ ಒಂದು ಕೊಂಬೆ ಯಲಹಂಕಕ್ಕೆ ಬಂದು ವಿಜಯನಗರದ ಅರಸರ ಅಧೀನದಲ್ಲಿ ನಾಡಪ್ರಭುತ್ವವನ್ನು ಪಡೆಯಿತು. ಜಯಗೌಡ, ಗಿಡ್ಡೇಗೌಡ, ಕೆಂಪನಂಜೇಗೌಡ, ಅನಂತರ ಹಿರಿಯ ಕೆಂಪೇಗೌಡ. 1513ರ ಸುಮಾರಿಗೆ ಪಟ್ಟಕ್ಕೆ ಬಂದ ಈ ಹಿರಿಯರೇ 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳಿಗೆ ಅಸ್ತಿಭಾರ ಹಾಕಿದವರು. ಊರಿನ ಹೆಸರು ಅದಕ್ಕಿಂತ ಬಹು ಹಳೆಯದು. ಒಂಬತ್ತನೆಯ ಶತಮಾನದ ಬೇಗೂರು ಶಾಸನದಲ್ಲಿಯೇ ಕಾಣುತ್ತದೆ. ತಮ್ಮದೇ ಭೈರವಮುದ್ರೆಯ ನಾಣ್ಯವನ್ನು ಹೊರಡಿಸಿದ ತಪ್ಪಿಗಾಗಿ ಅಳಿಯ ರಾಮರಾಯನು ಇವರನ್ನು ಐದು ವರ್ಷ ಆನೆಗೊಂದಿಯ ಸೆರೆಯಲ್ಲಿಟ್ಟನೆಂದು ಹೇಳುತ್ತಾರೆ. ಮೊರಸು ಒಕ್ಕಲಿಗರ ಹೆಂಗಸರು ಕೈಬೆರಳನ್ನು ಕತ್ತರಿಸಿ ದೇವರಿಗೆ ಒಪ್ಪಿಸುತ್ತಿದ್ದ ಕ್ರೂರ ವಾಡಿಕೆಯನ್ನು ತಡೆದವರೆಂಬ ಖ್ಯಾತಿಯೂ ಇವರದೇ. 1569ರಲ್ಲಿ ಇವರು ಕಾಲವಾದರು. ಶಿವಗಂಗೆಯ ಗಂಗಾಧರೇಶ್ವರನ ಗುಡಿಯಲ್ಲಿರುವ ಇವರ ಲೋಹಪ್ರತಿಮೆ 1609ರದು. ಅಂದರೆ ದೇಹ ಬಿಟ್ಟು 40 ವರ್ಷಗಳಾದ ಮೇಲೆ ವಂಶದವರು ಸಲ್ಲಿಸಿದ ಗೌರವ.

ಆ ವೇಳೆಗೆ ಇಮ್ಮಡಿ ಕೆಂಪೇಗೌಡರ ಕಾಲ ಬಂದಿತ್ತು. ಬೆಂಗಳೂರಿನ ನಾಲ್ಕು ಗಡಿಗೋಪುರಗಳನ್ನು ವಂಶಚರಿತ್ರೆಕಾರರು ಸಾಮಾನ್ಯವಾಗಿ ಇವರ ಲೆಕ್ಕಕ್ಕೆ ಬರೆಯುತ್ತಾರೆ. ನಮ್ಮ ಪಡುವಣ ದಿಕ್ಕಿಗೆ ಸೇರಿದ ಗೋಪುರ ಕೆಂಪಾಂಬುಧಿ ಕೆರೆಯ ಬಳಿ ಇಂದಿಗೂ ನಿಂತಿದೆ. ಕೆರೆ ಹಿರಿಯರದು, ಗೋಪುರ ಕಿರಿಯರದು. ನೋಡುವ ನಮಗೆ ಎರಡೂ ಒಬ್ಬರವು! ಕಾಣುವ ವಸ್ತುವಿನ ಮೇಲೆ ಮತ್ತೊಂದರ ಧರ್ಮವನ್ನು ಹೊರಿಸುವುದನ್ನು ವೇದಾಂತಿಗಳು ಅಧ್ಯಾಸವೆಂದು ಕರೆಯುತ್ತಾರೆ. ಚರಿತ್ರೆಯಲ್ಲಿಯೂ ಅಧ್ಯಾಸವುಂಟು.

ಮುಂದೆ 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಷಹಾಜಿಯೊಡನೆ ಬಂದು ಬೆಂಗಳೂರನ್ನು ಗೆದ್ದನು. ಆಗಿನ ಕೆಂಪೇಗೌಡರು ಅಜ್ಜನು ಕಟ್ಟಿದ ಊರನ್ನು ಬಿಟ್ಟು ಪಶ್ಚಿಮಕ್ಕೆ ನಡೆದರು. ಮಾಗಡಿ ರಾಜಧಾನಿಯಾಯಿತು, ಸಾವನದುರ್ಗ ಅದರ ಬೆನ್ನಿಗೆ ಕಾವಲಾಯಿತು. ಬೆಂಗಳೂರಾದರೋ ಷಹಾಜಿಯ ಜಾಗೀರಾಗಿ, 1687ರಲ್ಲಿ ಮೊಗಲರ ಕೈಸೇರಿ, ಅವರಿಂದ ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಂದಿತು. ಪ್ರಭುವಂಶಕ್ಕೆ ಅದು ಮರಳಿ ದಕ್ಕಲಿಲ್ಲ. ಆದರೂ ಸೋತವರು ಸುಮ್ಮನೆ ಕುಳಿತಿರಲಿಲ್ಲ. ಮಾಗಡಿಯಲ್ಲಿ 90 ವರ್ಷ ಆಳಿ ನಾಡನ್ನು ನಡೆಯಿಸಿದರು. ಕೊನೆಗೆ 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಮಾಗಡಿ, ಸಾವನದುರ್ಗಗಳನ್ನು ಹಿಡಿದನು. ಕಡೆಯ ಪ್ರಭು ಮುಮ್ಮಡಿ ಕೆಂಪವೀರಪ್ಪಗೌಡರು ಶ್ರೀರಂಗಪಟ್ಟಣದ ಸೆರೆಯಲ್ಲಿ ಪ್ರಾಣಬಿಟ್ಟರು.

ಇವರೆಲ್ಲ ಒಬ್ಬರೇ ಆಗಿದ್ದರೆ ಆ ಮಹಾಪುರುಷರು 1513ರಿಂದ 1728ರವರೆಗೆ 215 ವರ್ಷ ಆಳಬೇಕಾಗಿತ್ತು! ಎಲ್ಲವನ್ನೂ ಹಿರಿಯರಿಗೆ ಸಲ್ಲಿಸಿದರೆ ಅವರ ಗೌರವ ಹೆಚ್ಚುವುದೆಂದು ಕೆಲವರು ಭಾವಿಸಬಹುದು. ಹೆಚ್ಚುವುದಿಲ್ಲ, ಊರು ಕಟ್ಟಿದವರಿಗೆ ಗೋಪುರದ ಸಾಲ ಬೇಕಾಗಿಲ್ಲ. ನಷ್ಟವಾಗುವುದು ಮಾತ್ರ ಕಿರಿಯರಿಗೆ. ರಾಜಧಾನಿಯನ್ನು ಕಳೆದುಕೊಂಡು ಮತ್ತೊಂದನ್ನು ಕಟ್ಟಿ ನಿಲ್ಲಿಸಿದವರ ಧೈರ್ಯ, ಸೆರೆಮನೆಯಲ್ಲಿ ವಂಶದ ಕೊನೆಯನ್ನು ಕಂಡವರ ದುಃಖ, ಇವೆರಡೂ ಹೆಸರಿಲ್ಲದೆ ಹೋಗುತ್ತವೆ. ಪಿತೃಗಳಿಗೆ ತರ್ಪಣ ಬಿಡುವಾಗ ತಂದೆ, ತಾತ, ಮುತ್ತಾತಂದಿರನ್ನು ಬೇರೆಬೇರೆಯಾಗಿ ಕರೆದು ನೀರು ಬಿಡುವ ಜನ ನಾವು. ಒಬ್ಬರ ನೀರನ್ನು ಇನ್ನೊಬ್ಬರಿಗೆ ಬಿಟ್ಟರೆ ಕರ್ಮ ಪೂರ್ತಿಯಾಗದು.

ಆ ಹುಡುಗ ಈಗ ಎಲ್ಲಿರುವನೋ ತಿಳಿಯದು. ಅಂದು ಕೊಡದ ಉತ್ತರವನ್ನು ಇಂದು ಇಲ್ಲಿ ಬರೆದಿದ್ದೇನೆ. ವಾಚಕರ ಮನೆಯಲ್ಲಿ ಯಾವ ಮಗುವಾದರೂ ಅದೇ ಪ್ರಶ್ನೆಯನ್ನು ಕೇಳಿದರೆ, ದಯಮಾಡಿ ಗದರಿಸದಿರಿ.